ಯಾವ ಗ್ರೀಕು, ಎಂದಿನ ಗ್ರೀಕು?

ಕಳೆದ ಸಂಚಿಕೆಯಲ್ಲಿ ಸಂಪಾದಕರು ನನ್ನ ಹೆಸರಿನ ಕೆಳಗೆ ‘ಗ್ರೀಕ್ ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವರು, ಈಗ ಕಲ್ಯಾಣಪುರದಲ್ಲಿ ವಾಸ’ ಎಂದು ಒಂದು ಸಾಲು ಹಾಕಿದ್ದರು. ಅಷ್ಟೇ ಸಾಕಾಯಿತು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗ್ರೀಕ್ ಬಗ್ಗೆಯೇ. ಈ ಇಂಗ್ಲಿಷ್ ಪದಕ್ಕೆ ಗ್ರೀಕಿನಲ್ಲಿ ಏನು, ಆ ಪದಕ್ಕೆ ಏನು ಅಂತ. ಸಂತೋಷವೇ. ಆದರೆ ಎಲ್ಲರಿಗೂ ಸೇರಿಸಿ ಮೊದಲೇ ಒಂದು ಮಾತು. ಸುಮ್ನೆ ‘ಗ್ರೀಕಿನಲ್ಲಿ ಏನು’ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಎರಡೂವರೆ ಸಾವಿರ ವರ್ಷ ಹಿಂದಿನ ಅಥೆನ್ಸಿನವನಿಗೆ ಅರ್ಥವಾಗಬೇಕೋ, ಇವತ್ತು ಪಿರೇಯಸ್ ಬಂದರಿನಲ್ಲಿ ಮೀನು ಮಾರುವವನಿಗೆ ಅರ್ಥವಾಗಬೇಕೋ? ಅದನ್ನು ಮೊದಲು ಹೇಳಿ. ಮಾತಾಡುವ ಗ್ರೀಕು ನನಗೆ ಬಂದದ್ದು ಎಂಜಿನ್ ರೂಮಿನಲ್ಲಿ, ಬೈಗುಳ ಸಮೇತ. ಹಳೆಯ ಗ್ರೀಕನ್ನು ನಿವೃತ್ತಿಯ ಮೇಲೆ ಹೇಳಿಕೊಟ್ಟವರು ಮಂಗಳೂರಿನ ಒಬ್ಬರು ಫಾದರ್, ಬೈಗುಳ ಇಲ್ಲದೆ. ಎರಡೂ ಒಂದೇ ಭಾಷೆ ಎನ್ನುವುದು ನಿಜ. ಪಂಪನದೂ ನಮ್ಮದೂ ಒಂದೇ ಕನ್ನಡ ಎನ್ನುವಷ್ಟು ನಿಜ.

ಪ್ರಶ್ನೆ: ನಮ್ಮ ಹೊಸ ಬೋಟಿಗೆ ‘ಕಡಲ ಮಗಳು’ ಎನ್ನುವ ಅರ್ಥದ ಗ್ರೀಕ್ ಹೆಸರು ಇಡಬೇಕು ಎಂದು ಮಗನ ಹಟ. ಮೊಬೈಲಿನಲ್ಲಿ ‘ಡಾಟರ್ ಆಫ್ ದಿ ಸೀ’ ಎಂದು ಹಾಕಿ ನೋಡಿದ್ದಾನೆ. ನಂಬಬಹುದಾ? (ಬೋಟಿನ ಮಾಲೀಕರು, ಮಲ್ಪೆ)

ಉತ್ತರ: ನಿಮ್ಮ ಮಗ ಕಳಿಸಿದ್ದು ‘ಕೋರಿ ತಿಸ್ ಥಾಲಸಸ್’. ಈಗಿನ ಗ್ರೀಕಿಗೆ ಅದು ಸರಿಯೇ. ನಂಬಿ. ಗ್ರೀಸಿನ ಮೀನುಗಾರ ಓದಿದರೆ ‘ಕಡಲ ಮಗಳು’ ಅಂತಲೇ ಓದುತ್ತಾನೆ.

ಹಳೆಯ ಗ್ರೀಕ್ ಬೇಕಾದರೆ ಕಥೆ ಬೇರೆ. ಆಗ ಮಗಳಿಗೆ ‘ಥುಗತೇರ್’ ಎನ್ನುತ್ತಿದ್ದರು. ಇದು ಸಂಸ್ಕೃತದ ‘ದುಹಿತೃ’ವಿನ ಬಳಗ, ಇಂಗ್ಲಿಷಿನ ‘ಡಾಟರ್’ ಕೂಡ ಅದೇ ಬಳಗ. ಕಡಲಿಗೆ ಅಥೆನ್ಸಿನವರು ‘ಥಲತ್ತ’ ಎನ್ನುತ್ತಿದ್ದರು, ಬೇರೆ ಕಡೆಯವರು ಹೆಚ್ಚಾಗಿ ‘ಥಲಸ್ಸ’. ಹಾಗಾಗಿ ಅಥೆನ್ಸಿನ ಲೆಕ್ಕದಲ್ಲಿ ‘ಥಲತ್ತೇಸ್ ಥುಗತೇರ್’ ಆಗುತ್ತದೆ. ಬೋಟಿನ ಮೇಲೆ ಬರೆದರೆ ವೈರ್‌ಲೆಸ್ಸಿನಲ್ಲಿ ಕರೆಯುವವರ ನಾಲಗೆ ಹೊರಳಲಿಕ್ಕಿಲ್ಲ.

‘ಕೋರೇ’ ಎನ್ನುವ ಪದ ಹಳೆಯದರಲ್ಲೂ ಇತ್ತು. ಆದರೆ ಆಗ ಅದರ ಮುಖ್ಯ ಅರ್ಥ ಹುಡುಗಿ, ಮದುವೆಯಾಗದ ಕನ್ಯೆ. ಅದಕ್ಕೆ ಇನ್ನೊಂದು ಅರ್ಥವೂ ಇತ್ತು, ಈಗಲೂ ಉಂಟು: ಕಣ್ಣಪಾಪೆ. ಎದುರಿನವರ ಕಣ್ಣಿನೊಳಗೆ ನೋಡಿ. ನಿಮ್ಮದೇ ರೂಪ ಪುಟ್ಟ ಬೊಂಬೆಯ ಹಾಗೆ ಕಾಣುತ್ತದೆ. ಗ್ರೀಕರು ಅದನ್ನು ಹುಡುಗಿ ಎಂದರು, ನಾವು ಪಾಪೆ ಎಂದೆವು. ಯಾರೂ ಯಾರಿಂದಲೂ ಕದ್ದದ್ದಲ್ಲ, ಕಂಡದ್ದು ಒಂದೇ.

ಇದನ್ನು ಹೇಳಿದ್ದಕ್ಕೆ ಕಾರಣ ಉಂಟು. ಹಳೆಯ ಗ್ರೀಕರು ಯುದ್ಧದ ಹಡಗಿನ ಮೂತಿಗೆ ಎರಡೂ ಬದಿ ಕಣ್ಣು ಕೂರಿಸುತ್ತಿದ್ದರು. ಅಮೃತಶಿಲೆಯ ಅಂಥ ಕಣ್ಣುಗಳು ಪಿರೇಯಸ್ಸಿನ ಝೇಆ ಬಂದರಿನಲ್ಲಿ ಸಿಕ್ಕಿವೆ. ಅವರ ಹಡಗುಗಳ ಹೆಸರೂ ಹೆಚ್ಚಾಗಿ ಹೆಣ್ಣಿನ ಹೆಸರೇ. ಅಥೆನ್ಸಿನ ಸರ್ಕಾರಿ ಹಡಗುಗಳಲ್ಲಿ ಒಂದು ‘ಸಲಮಿನಿಆ’, ಅಂದರೆ ಸಲಮಿಸ್ ದ್ವೀಪದವಳು. ನಿಮ್ಮ ಬೋಟಿನ ಹೆಸರು ಬರೀ ‘ಕೋರಿ’ ಎಂದಿಟ್ಟರೂ ಚಂದವೇ. ಮಗಳೂ ಆಯಿತು, ಕಣ್ಣೂ ಆಯಿತು, ಪೈಂಟಿನ ಖರ್ಚೂ ಉಳಿಯಿತು.

ಪ್ರಶ್ನೆ: ಗ್ರೀಕಿನಲ್ಲಿ ನೀರಿಗೆ ‘ನೆರೊ’ ಎನ್ನುತ್ತಾರಂತೆ. ಇದು ನಮ್ಮ ‘ನೀರು’ ಅಲ್ವಾ? ನಮ್ಮ ಭಾಷೆ ಅಲ್ಲಿಗೂ ಹೋಗಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ? (ನಿವೃತ್ತ ಶಿಕ್ಷಕರು, ಕಾರ್ಕಳ)

ಉತ್ತರ: ಮಾಸ್ತರೇ, ಬೇಕು. ಹಡಗಿಗೆ ಸೇರಿದ ಹೊಸತರಲ್ಲಿ ಅಡುಗೆಯವ ‘ನೆರೊ, ನೆರೊ’ ಎಂದು ಜಗ್ ಚಾಚಿದಾಗ ನಾನೂ ಹಿಗ್ಗಿದ್ದೆ. ಆದರೆ ಹಳೆಯ ಗ್ರೀಕಿನಲ್ಲಿ ನೀರಿಗೆ ‘ಹುದೋರ್’ ಎನ್ನುತ್ತಿದ್ದರು. ‘ಹೈಡ್ರೋಜನ್’ನಲ್ಲಿ ಇರುವುದು ಅದೇ. ಆಗ ತಾನೇ ತಂದ ತಾಜಾ ನೀರಿಗೆ ‘ನೆಅರೊನ್ ಹುದೋರ್’ ಎಂದರು. ‘ನೆಒಸ್’ ಎಂದರೆ ಹೊಸದು, ಅದರಿಂದ ಬಂದದ್ದು ‘ನೆಅರೊನ್’. ಕಾಲ ಕಳೆದ ಹಾಗೆ ಹುದೋರ್ ಉದುರಿತು, ‘ತಾಜಾ’ ಎಂಬುದೇ ಸವೆದು ನೀರಿನ ಹೆಸರಾಗಿ ನಿಂತಿತು. ಅಂದರೆ ಅವರ ‘ನೆರೊ’ ನಮ್ಮ ‘ನೀರಿ’ಗೆ ನೆಂಟ ಅಲ್ಲ. ನೆಂಟಸ್ತಿಕೆ ಇರುವುದು ಸಂಸ್ಕೃತದ ‘ನವ’ಕ್ಕೆ.

ಊಟದ ಮೇಜಿನ ಪದಗಳೆಲ್ಲ ಅಲ್ಲಿ ಹೀಗೇ ಬದಲಾಗಿವೆ. ರೊಟ್ಟಿಗೆ ಹಳೆಯದರಲ್ಲಿ ‘ಆರ್ತೊಸ್’, ಈಗ ‘ಪ್ಸೊಮಿ’. ಪ್ಸೊಮಿ ಅಂದರೆ ಮೂಲದಲ್ಲಿ ಒಂದು ತುತ್ತು. ದ್ರಾಕ್ಷಾರಸಕ್ಕೆ ‘ಒಯ್ನೊಸ್’ ಇದ್ದದ್ದು ‘ಕ್ರಸಿ’ ಆಯಿತು. ಕ್ರಾಸಿಸ್ ಎಂದರೆ ಬೆರೆಸುವುದು. ಹಳೆಯ ಗ್ರೀಕರು ವೈನಿಗೆ ನೀರು ಬೆರೆಸಿಯೇ ಕುಡಿಯುತ್ತಿದ್ದರು. ಬೆರೆಸದೆ ಕುಡಿಯುವವನನ್ನು ಕಾಡುಮನುಷ್ಯ ಎನ್ನುತ್ತಿದ್ದರು. (ಇದನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಬೇಕಾಗುತ್ತದೆ.) ಕುದುರೆ ‘ಹಿಪ್ಪೊಸ್’ ಇದ್ದದ್ದು ‘ಆಲೊಗೊ’ ಆಯಿತು. ಆಲೊಗೊ ಎಂದರೆ ಬುದ್ಧಿ ಇಲ್ಲದ್ದು! ಪಾಪದ ಕುದುರೆ.

ನನಗೆ ಜಾಸ್ತಿ ಇಷ್ಟ ಮೀನಿನ ಕಥೆ. ಹಳೆಯ ‘ಇಖ್ಥೂಸ್’ ಹೋಗಿ ಈಗ ‘ಪ್ಸಾರಿ’. ಇದರ ಮೂಲ ‘ಒಪ್ಸೊನ್’. ರೊಟ್ಟಿಯ ಜೊತೆ ನಂಜಿಕೊಳ್ಳುವ ಪದಾರ್ಥಕ್ಕೆಲ್ಲ ಆ ಹೆಸರು, ನಮ್ಮ ತುಳುವಿನ ‘ಕಜಿಪು’ ಇದ್ದ ಹಾಗೆ. ನಂಜಿಕೊಳ್ಳಲಿಕ್ಕೆ ಮೀನಿಗಿಂತ ಒಳ್ಳೆಯದು ಇಲ್ಲ ಎಂದು ಅವರಿಗೆ ಖಾತ್ರಿ ಆದ ಮೇಲೆ, ಒಪ್ಸೊನ್ ಎಂದರೆ ಮೀನೇ ಎಂದಾಯಿತು. ಕಿರಿದು ಮಾಡಿ ‘ಒಪ್ಸಾರಿಒನ್’ ಎಂದರು. ಮುಂದಿನ ಒಕಾರ ಬಿತ್ತು, ಕೊನೆ ಸವೆಯಿತು, ‘ಪ್ಸಾರಿ’ ಉಳಿಯಿತು. ಮಲ್ಪೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ.

ಹಾಗಂತ ಹಳೆಯ ಪದಗಳು ಸತ್ತಿಲ್ಲ. ಬೋರ್ಡ್ ಹತ್ತಿ ಕೂತಿವೆ. ಪಿರೇಯಸ್ಸಿನ ಬೀದಿಯಲ್ಲಿ ಬೇಕರಿಯ ಮೇಲೆ ‘ಅರ್ತೊಪಿಈಓ’ ಎಂದು ಬರೆದಿರುತ್ತದೆ, ಒಳಗೆ ಹೋಗಿ ಕೇಳುವುದು ಪ್ಸೊಮಿ. ಮೀನಿನ ಅಂಗಡಿಯ ಬೋರ್ಡಿನಲ್ಲಿ ‘ಇಖ್ಥಿಒಪೊಲೀಓ’, ತಕ್ಕಡಿಗೆ ಬೀಳುವುದು ಪ್ಸಾರಿ. ನಲ್ಲಿ ರಿಪೇರಿಯವ ‘ಇದ್ರವ್ಲಿಕೊಸ್’, ಅವನ ಹೆಸರಿನಲ್ಲಿ ಹುದೋರ್ ಇನ್ನೂ ಹರಿಯುತ್ತಿದೆ. ನಮ್ಮಲ್ಲೂ ಕಚೇರಿಗೆ ‘ಜಲಮಂಡಳಿ’, ಕೊಡಕ್ಕೆ ನೀರು. ಅಲ್ವಾ?

ಪ್ರಶ್ನೆ: ನಮ್ಮ ಪಠ್ಯದಲ್ಲಿ ಅರ್ಧಕ್ಕರ್ಧ ಗ್ರೀಕ್ ಪದಗಳೇ. ಇವನ್ನು ಕಲಿತರೆ ಗ್ರೀಸಿನಲ್ಲಿ ರೋಗಿಗಳ ಜೊತೆ ಮಾತಾಡಬಹುದೇ? (ಎಂಬಿಬಿಎಸ್ ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಹೃದಯದವರೆಗೆ ತೊಂದರೆ ಇಲ್ಲ ತಂಗಿ. ‘ಕರ್ದಿಆ’ ಅಂದೂ ಇಂದೂ ಹೃದಯವೇ, ಉಚ್ಚಾರ ಮಾತ್ರ ಸ್ವಲ್ಪ ಸವೆದಿದೆ. ಚರ್ಮ ಅಂದೂ ‘ದೆರ್ಮ’, ಈಗಲೂ ‘ದೆರ್ಮ’. ರಕ್ತ ‘ಹಾಯ್ಮ’ ಇದ್ದದ್ದು ‘ಎಮ’ ಆಗಿದೆ, ಊಹಿಸಬಹುದು.

ಆದರೆ ಕಣ್ಣು ನೋಯುತ್ತದೆ ಎನ್ನಲು ಯಾವ ರೋಗಿಯೂ ‘ಒಫ್ಥಲ್ಮೊಸ್’ ಎನ್ನುವುದಿಲ್ಲ. ‘ಮಾತಿ’ ಎನ್ನುತ್ತಾನೆ. ಕಣ್ಣಿನ ಡಾಕ್ಟರು ಮಾತ್ರ ಇನ್ನೂ ‘ಒಫ್ಥಲ್ಮೀಅತ್ರೊಸ್’. ಮೂಗು ನಿಮ್ಮ ಪುಸ್ತಕದಲ್ಲಿ ‘ರೈನೋ’, ಅಲ್ಲಿನ ಬಾಯಲ್ಲಿ ‘ಮೀತಿ’. ಲಿವರ್ ನಿಮಗೆ ‘ಹೆಪಾಟೋ’, ಅವರಿಗೆ ‘ಸಿಕೋತಿ’. ಸಿಕೋತಿಯಲ್ಲಿ ಇರುವುದು ಅಂಜೂರ! ಪ್ರಾಣಿಗಳಿಗೆ ಅಂಜೂರ ತಿನ್ನಿಸಿ ಕೊಬ್ಬಿಸಿ ಅದರ ಲಿವರ್ ತಿನ್ನುವ ಶೋಕಿ ಹಿಂದೆ ಇತ್ತು. ‘ಅಂಜೂರದ ಲಿವರ್’ ಎಂಬುದರಲ್ಲಿ ಲಿವರ್ ಬಿದ್ದುಹೋಗಿ ಅಂಜೂರ ಉಳಿಯಿತು.

ಅದಕ್ಕಿಂತ ದೊಡ್ಡ ಗುಂಡಿ ಬೇರೆ ಕಡೆ ಉಂಟು. ನಿಮಗೆ ಕಾಲೇಜಿನಲ್ಲಿ ರೋಗಿಯ ಮೇಲೆ ‘ಎಂಪಥಿ’ ಇರಬೇಕು ಎಂದು ಕಲಿಸುತ್ತಾರೆ. ಗ್ರೀಸಿಗೆ ಹೋಗಿ ‘ನನಗೆ ನಿಮ್ಮ ಮೇಲೆ ಎಂಪಾಥಿಆ ಉಂಟು’ ಎಂದರೆ ರೋಗಿ ಹಾಸಿಗೆ ಬಿಟ್ಟು ಓಡಿಯಾನು. ಈಗಿನ ಗ್ರೀಕಿನಲ್ಲಿ ಆ ಪದಕ್ಕೆ ದ್ವೇಷ, ಹಗೆ ಎಂದು ಅರ್ಥ. ಇಂಗ್ಲಿಷಿನ ಎಂಪಥಿ ಹುಟ್ಟಿದ್ದು 1909ರಲ್ಲಿ. ಟಿಚನರ್ ಎಂಬ ಮನಶ್ಶಾಸ್ತ್ರಜ್ಞ ಜರ್ಮನ್ ಪದವೊಂದನ್ನು ಇಂಗ್ಲಿಷಿಗೆ ತರಲು ಗ್ರೀಕ್ ತುಂಡುಗಳನ್ನು ಜೋಡಿಸಿದರು. ಅಷ್ಟರಲ್ಲಿ ಗ್ರೀಕರ ಬಾಯಲ್ಲಿ ಅದೇ ಪದ ಬೇರೆ ದಾರಿ ಹಿಡಿದಿತ್ತು. ಕೊನೆಗೆ ಇಂಗ್ಲಿಷಿನ ಎಂಪಥಿಗೆ ಗ್ರೀಕರೇ ಹೊಸ ಪದ ಮಾಡಿಕೊಳ್ಳಬೇಕಾಯಿತು: ‘ಎನ್‌ಸಿನೆಸ್ಥಿಸಿ’. ತಮ್ಮ ಪದಕ್ಕೆ ತಾವೇ ಅನುವಾದ!

ಇನ್ನೊಂದು. ಅಲ್ಲಿ ಖಾಸಗಿ ಆಸ್ಪತ್ರೆಗೆ ‘ಇದಿಓತಿಕೊ ನೊಸೊಕೊಮೀಓ’ ಎನ್ನುತ್ತಾರೆ. ಹೌದು, ಇಂಗ್ಲಿಷಿನ ‘ಈಡಿಯಟ್’ ಬಂದ ಮೂಲವೇ ಅದು. ಹಳೆಯ ಅಥೆನ್ಸಿನಲ್ಲಿ ಊರ ಕೆಲಸಕ್ಕೆ ಬಾರದೆ ತನ್ನ ಪಾಡಿಗೆ ತಾನು ಇರುವವನು ‘ಇದಿಓತೇಸ್’. ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬರುವಷ್ಟರಲ್ಲಿ ಅವನು ದಡ್ಡ ಆದ. ಗ್ರೀಸಿನಲ್ಲಿ ಮಾತ್ರ ಇನ್ನೂ ಬರೀ ಖಾಸಗಿ ವ್ಯಕ್ತಿ. ಮಂಗಳೂರು ಉಡುಪಿಯ ಖಾಸಗಿ ಕಾಲೇಜುಗಳಿಗೆಲ್ಲ ಗ್ರೀಕ್ ಬೋರ್ಡ್ ಹಾಕಿಸಿದರೆ ಹೇಗಿರುತ್ತದೆ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಪ್ರಶ್ನೆ: ಕೈಗೆ ‘ಲವ್’ ಎಂದು ಗ್ರೀಕಿನಲ್ಲಿ ಟ್ಯಾಟೂ ಹಾಕಿಸಬೇಕು. ನಾಲ್ಕು ಪದ ಉಂಟಂತೆ. ಯಾವುದು? (ಪುತ್ತೂರು)

ಉತ್ತರ: ಅಪ್ಪ ಅಮ್ಮನ ಪ್ರೀತಿಗೆ ಹಳೆಯದರಲ್ಲಿ ‘ಸ್ತೊರ್ಗೇ’. ಗೆಳೆತನಕ್ಕೆ ‘ಫಿಲಿಆ’. ಮೈ ಬಿಸಿಯಾಗುವ ಪ್ರೇಮಕ್ಕೆ ‘ಎರೋಸ್’. ‘ಅಗಾಪೇ’ಗೆ ಬಲ ಬಂದದ್ದು ಬೈಬಲಿನ ಗ್ರೀಕಿನಿಂದ. ಈಗ ದಿನಬಳಕೆಯಲ್ಲಿ ಪ್ರೀತಿಗೆಲ್ಲ ‘ಅಗಾಪಿ’ಯೇ. ‘ಸಗಪೊ’ ಎಂದರೆ ನಿನ್ನನ್ನು ಪ್ರೀತಿಸುತ್ತೇನೆ. ಹುಡುಗಿಗೂ ಹೇಳಬಹುದು, ಅಜ್ಜಿಗೂ ಹೇಳಬಹುದು. ನೀವು ಯಾರಿಗಾಗಿ ಹಾಕಿಸುತ್ತೀರಿ ಎಂದು ಬರೆದಿಲ್ಲ. ಅಗಾಪಿ ಹಾಕಿಸಿ, ಮುಂದೆ ಮನೆಯಲ್ಲಿ ಕೇಳಿದರೆ ಅಜ್ಜಿಗೆ ಅಂತ ಹೇಳಬಹುದು.

ಪ್ರಶ್ನೆ: ನನ್ನ ಹೆಸರು ಭಾಗ್ಯಶ್ರೀ. ಗ್ರೀಕ್ ಲಿಪಿಯಲ್ಲಿ ಹೇಗೆ ಬರೆಯುವುದು? (ಮೂಡುಬಿದಿರೆ)

ಉತ್ತರ: ಬರೆಯಬಹುದು. ಆದರೆ ನಿಮ್ಮ ‘ಭಾ’ದ ಹೊಟ್ಟೆಯೂ ‘ಶ್ರೀ’ಯ ಶಕಾರವೂ ದಾರಿಯಲ್ಲೇ ಬಿದ್ದುಹೋಗುತ್ತವೆ. ಈಗಿನ ಗ್ರೀಕಿನಲ್ಲಿ ‘ಬೀಟಾ’ ಅಕ್ಷರಕ್ಕೆ ವಕಾರದ ಉಚ್ಚಾರ. ಬಕಾರ ಬೇಕಾದರೆ ‘ಮ್ಯು’ ಮತ್ತು ‘ಪೈ’ ಎರಡನ್ನೂ ಒಟ್ಟಿಗೆ ಹಾಕಬೇಕು. ದಕಾರ ಬೇಕಾದರೆ ‘ನ್ಯು’ ಮತ್ತು ‘ಟೌ’. ಶ, ಷ ಎರಡಕ್ಕೂ ಸಕಾರವೇ ಗತಿ. ನೀವು ‘ಬಾಗ್ಯಸ್ರಿ’ ಆಗುತ್ತೀರಿ. ಉಡುಪಿ ‘ಉದುಪಿ’ ಆಗುತ್ತದೆ, ಏಕೆಂದರೆ ಟ, ಡ, ಣ, ಳ ಅವರಲ್ಲಿ ಇಲ್ಲ. ಅವರ ತಕಾರ ನಮ್ಮ ತಕಾರವೇ, ಇಂಗ್ಲಿಷಿನವರ ಟಕಾರ ಅಲ್ಲ.

ಈ ಕಷ್ಟ ಇವತ್ತಿನದಲ್ಲ. ಚಂದ್ರಗುಪ್ತನನ್ನು ಹಳೆಯ ಗ್ರೀಕರು ‘ಸಂದ್ರಕೊತ್ತೊಸ್’ ಮಾಡಿದ್ದರು. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವರ್ತಕ ಕಾಸ್ಮಾಸ್ ಕಾಳುಮೆಣಸಿನ ಬಂದರುಗಳ ಪಟ್ಟಿಯಲ್ಲಿ ‘ಮಂಗರೂಥ್’ ಎಂದು ಬರೆದಿದ್ದಾನೆ. ಅದು ನಮ್ಮ ಮಂಗಳೂರೇ.

ಆದರೆ ಒಂದು ವಿಷಯದಲ್ಲಿ ಕನ್ನಡದವರಿಗೆ ಲಾಭ ಉಂಟು. ಹಳೆಯ ಗ್ರೀಕಿನಲ್ಲಿ ಎ ಮತ್ತು ಏ ಬೇರೆ ಅಕ್ಷರ, ಒ ಮತ್ತು ಓ ಬೇರೆ ಅಕ್ಷರ. ಎಪ್ಸಿಲಾನ್, ಈಟಾ, ಓಮಿಕ್ರಾನ್, ಒಮೆಗಾ ಎಂದರೆ ಇವೇ. ಇಂಗ್ಲಿಷ್ ಹುಡುಗರು ಇದಕ್ಕೆ ವರ್ಷಗಟ್ಟಲೆ ತಿಣುಕುತ್ತಾರೆ. ನಮಗೆ ಒಂದನೇ ಕ್ಲಾಸಿನ ಕಾಗುಣಿತ. ‘ಫೈ’, ‘ಥೀಟಾ’, ‘ಖೈ’ ಆ ಕಾಲದಲ್ಲಿ ನಿಜವಾದ ಮಹಾಪ್ರಾಣಗಳು: ಫ, ಥ, ಖ. ಈಗ ಅವು ಬರೀ ಗಾಳಿ ಊದುವ ಸದ್ದಾಗಿವೆ. ತಾಳಮದ್ದಳೆಯ ಒಬ್ಬ ಒಳ್ಳೆಯ ಅರ್ಥಧಾರಿಗೆ ‘ಫಿಲೊಸೊಫಿಆ’ ಎಂದು ಕನ್ನಡದಲ್ಲಿ ಬರೆದು ಕೊಟ್ಟರೆ, ಇಂದಿನ ಅಥೆನ್ಸಿನವನಿಗಿಂತ ಪ್ಲೇಟೋಗೆ ಹತ್ತಿರವಾಗಿ ಹೇಳಿಯಾನು.

ಪ್ರಶ್ನೆ: ಕಾಲೇಜು ಫೆಸ್ಟಿಗೆ ‘ಬಿ ಫ್ರೀ’ ಎಂದು ಗ್ರೀಕಿನಲ್ಲಿ ಟೀಶರ್ಟ್ ಮಾಡಿಸುತ್ತಿದ್ದೇವೆ. ಆ್ಯಪ್ ‘ದೊರೆಆನ್’ ಎಂದು ಕೊಟ್ಟಿದೆ. ಪ್ರಿಂಟಿಗೆ ಕೊಡಬಹುದಾ? (ವಿದ್ಯಾರ್ಥಿಗಳು, ಮಂಗಳೂರು)

ಉತ್ತರ: ದಯವಿಟ್ಟು ಬೇಡ. ದೊರೆಆನ್ ಎಂದರೆ ಬಿಟ್ಟಿ. ಒಂದು ಕೊಂಡರೆ ಒಂದು ಫ್ರೀ ಎನ್ನುವ ಫ್ರೀ. ನಿಮಗೆ ಬೇಕಾದದ್ದು ‘ಎಲೆಫ್ಥೆರಿ’, ಅಂದರೆ ಸ್ವತಂತ್ರರು. ‘ಎಲೆಫ್ಥೆರಿಆ’ ಎಂದರೆ ಸ್ವಾತಂತ್ರ್ಯ. ‘ಸ್ವಾತಂತ್ರ್ಯ ಇಲ್ಲವೇ ಸಾವು’ ಎನ್ನುವುದು ಗ್ರೀಸ್ ದೇಶದ ಘೋಷವಾಕ್ಯ. ಅಲ್ಲಿ ‘ಬಿಟ್ಟಿ ಇಲ್ಲವೇ ಸಾವು’ ಎಂದು ಹಾಕಿದರೆ ಹೇಗಿದ್ದೀತು ನೋಡಿ.

ಆ್ಯಪಿಗೆ ಒಂದೇ ಪದ ಕೊಟ್ಟರೆ ಹೀಗೆ ಆಗುತ್ತದೆ. ಸಿಕ್ಕಿದ ಗ್ರೀಕ್ ಪದವನ್ನು ತಿರುಗಿಸಿ ಇನ್ನೊಂದು ಕಡೆ ಹಾಕಿ ನೋಡಬೇಕು. ಹಳೆಯ ಗ್ರೀಕಿಗೆ ವುಡ್‌ಹೌಸ್ ಅವರ 1910ರ ಇಂಗ್ಲಿಷ್-ಗ್ರೀಕ್ ನಿಘಂಟು ಉಂಟು. ಅದರಲ್ಲಿ ಪದ ಹುಡುಕಿ, ಆಮೇಲೆ 1843ರಿಂದ ನಡೆದು ಬಂದ ಲಿಡೆಲ್-ಸ್ಕಾಟ್ ಗ್ರೀಕ್-ಇಂಗ್ಲಿಷ್ ನಿಘಂಟಿನಲ್ಲಿ ಅದೇ ಪದವನ್ನು ಯಾರು, ಯಾವ ಅರ್ಥದಲ್ಲಿ ಬಳಸಿದ್ದಾರೆ ಎಂದು ನೋಡುವುದು. ಫಾದರ್ ನನಗೆ ಮೊದಲು ಕಲಿಸಿದ್ದೇ ಇದನ್ನು. ಹೋಗುವಾಗ ಒಂದು ಬಾಗಿಲು, ಬರುವಾಗ ಇನ್ನೊಂದು. ಎರಡರಲ್ಲೂ ಒಂದೇ ಮುಖ ಕಂಡರೆ ಮಾತ್ರ ಪದ ಸರಿ. ಕಿಟ್ಟೆಲ್ ನಿಘಂಟು ಅಚ್ಚಾದ ಊರಿನವರು ನೀವು. ನಿಘಂಟು ತೆರೆಯಲಿಕ್ಕೆ ಉದಾಸೀನ ಮಾಡಬಾರದು.

ಪ್ರಶ್ನೆ: ಕಂಪ್ಯೂಟರ್, ಮೊಬೈಲ್, ಇಂಟರ್‌ನೆಟ್ ಇವಕ್ಕೆ ಗ್ರೀಕರು ಸ್ವಂತ ಪದ ಮಾಡಿಕೊಂಡಿದ್ದಾರಾ, ಅಥವಾ ನಮ್ಮ ಹಾಗೆ ಇಂಗ್ಲಿಷೇ? (ಕನ್ನಡ ಉಪನ್ಯಾಸಕಿ, ಬ್ರಹ್ಮಾವರ)

ಉತ್ತರ: ಮಾಡಿಕೊಂಡಿದ್ದಾರೆ. ಹೆಚ್ಚಿನವು ಬಾಯಿಗೂ ಬಂದಿವೆ. ಕಂಪ್ಯೂಟರ್ ‘ಇಪೊಲೊಯಿಸ್ತಿಸ್’, ಲೆಕ್ಕ ಹಾಕುವವ. ಮೊಬೈಲ್ ‘ಕಿನಿತೊ’, ಚಲಿಸುವಂಥದ್ದು. ಕಾರು ‘ಅಫ್ತೊಕಿನಿತೊ’, ತಾನಾಗಿ ಚಲಿಸುವಂಥದ್ದು. ನಮ್ಮ ‘ಗಣಕಯಂತ್ರ’ ಸರ್ಕಾರಿ ಕಾಗದದಲ್ಲೇ ಉಳಿಯಿತು. ಅವರ ಕಿನಿತೊ ಬೀದಿಗೆ ಬಂತು. ನನ್ನ ಅಭಿಪ್ರಾಯದಲ್ಲಿ ಕಾರಣ ಸರಳ. ಕಿನಿತೊ ಮೊಬೈಲಿನಷ್ಟೇ ಚಿಕ್ಕದು. ‘ಸಂಚಾರಿ ದೂರವಾಣಿ’ ಎನ್ನುವಷ್ಟರಲ್ಲಿ ಕಾಲ್ ಕಟ್ ಆಗಿರುತ್ತದೆ.

ಇಂಟರ್‌ನೆಟ್ಟಿಗೆ ‘ದಿಅದಿಕ್ತಿಓ’. ‘ದಿಕ್ತಿಓ’ ಎಂದರೆ ಜಾಲ. ಮೀನು ಹಿಡಿಯುವ ಬಲೆಗೆ ಮಾತ್ರ ಬೆಸ್ತರು ‘ದಿಖ್ತಿ’ ಎನ್ನುತ್ತಾರೆ. ಪದ ಒಂದೇ, ಒಂದು ಪುಸ್ತಕದ ರೂಪ, ಒಂದು ದೋಣಿಯ ರೂಪ. ನಾವು ‘ಅಂತರ್ಜಾಲ’ ಎಂದೆವು, ‘ಅಂತರ್ಬಲೆ’ ಎನ್ನಲಿಲ್ಲ. ಅದೇ ಬುದ್ಧಿ.

ಪ್ರಶ್ನೆ: ಇಂದಿನ ಗ್ರೀಕರಿಗೆ ಹೋಮರ್ ಓದಿದರೆ ಅರ್ಥವಾಗುತ್ತದಾ? (ಸಂಸ್ಕೃತ ವಿದ್ಯಾರ್ಥಿ, ಉಡುಪಿ)

ಉತ್ತರ: ಕಲಿಯದೆ ಆಗುವುದಿಲ್ಲ. ಅಕ್ಷರ ಓದಬಹುದು, ಅಲ್ಲಲ್ಲಿ ಪದ ಗುರುತು ಸಿಗುತ್ತದೆ, ವಾಕ್ಯ ಕೈಗೆ ಸಿಗುವುದಿಲ್ಲ. ನಿಮ್ಮ ಸಂಸ್ಕೃತದ ಹಾಗೆ ಹಳೆಯ ಗ್ರೀಕಿನಲ್ಲೂ ದ್ವಿವಚನ ಇತ್ತು, ಈಗ ಹೋಗಿದೆ. ಚತುರ್ಥಿಯಂಥ ವಿಭಕ್ತಿ ಇತ್ತು, ಅದೂ ಹೋಗಿದೆ. ವೇದದ ಉದಾತ್ತದ ಹಾಗೆ ಸ್ವರ ಏರಿಸಿ ಹೇಳುವ ಕ್ರಮ ಇತ್ತು, ಈಗ ಬರೀ ಒತ್ತು.

ಈ ಎರಡರ ನಡುವೆ ಅಲ್ಲಿ ರಕ್ತವೂ ಹರಿದಿದೆ. 1901ರಲ್ಲಿ ಮ್ಯಾಥ್ಯೂ ಸುವಾರ್ತೆಯನ್ನು ಆಡುಮಾತಿನ ಗ್ರೀಕಿಗೆ ತಂದು ಅಥೆನ್ಸಿನ ಪತ್ರಿಕೆಯೊಂದು ಅಚ್ಚು ಹಾಕಿತು. ಗ್ರೀಕಿನಿಂದ ಗ್ರೀಕಿಗೆ ಅನುವಾದ! ವಿದ್ಯಾರ್ಥಿಗಳು ಬೀದಿಗೆ ಇಳಿದರು. ಗಲಭೆಯಲ್ಲಿ 8 ಜನ ಸತ್ತರು, ಸರ್ಕಾರವೇ ಬಿತ್ತು. ಹಳೆಯದನ್ನು ಹೋಲುವ ಹಾಗೆ ಕಟ್ಟಿದ ‘ಶುದ್ಧ’ ಗ್ರೀಕು ಕಚೇರಿಯಲ್ಲಿ, ಆಡುಮಾತು ಮನೆಯಲ್ಲಿ, ಹೀಗೆ ತುಂಬಾ ಕಾಲ ನಡೆಯಿತು. 1976ರಲ್ಲಿ ಶಾಲೆಗಳಿಗೆ ಆಡುಮಾತೇ ಬಂತು. 1982ರಲ್ಲಿ ಅಕ್ಷರದ ಮೇಲಿನ ಹಲವು ಬಗೆಯ ಗೆರೆ, ಕೊಂಬುಗಳನ್ನು ತೆಗೆದು ಒಂದೇ ಗೆರೆ ಉಳಿಸಿದರು. ನಮ್ಮ ಹಡಗಿನ ಹಿರಿಯ ಎಂಜಿನಿಯರ್ ಆಮೇಲೂ ಲಾಗ್ ಬುಕ್ಕಿನಲ್ಲಿ ಎಲ್ಲ ಕೊಂಬುಗಳನ್ನೂ ಹಾಕಿಯೇ ಬರೆಯುತ್ತಿದ್ದರು, ಎಣ್ಣೆ ಕೈಯಲ್ಲೇ. ಯಾರಾದರೂ ಕೇಳಿದರೆ ಬೈಯುತ್ತಿದ್ದರು.

ಪ್ರಶ್ನೆ: ಹಳೆಯ ಗ್ರೀಕ್ ನಾಟಕದಲ್ಲಿ ಕನ್ನಡ ಮಾತು ಉಂಟು, ಅಲ್ಲ ಅದು ತುಳು, ಅದರಲ್ಲಿ ಬರುವುದು ನಮ್ಮ ಮಲ್ಪೆ, ಹೀಗೆಲ್ಲ ಭಾಷಣದಲ್ಲಿ ಕೇಳಿದೆ. ಹೌದಾ? (ಕಟಪಾಡಿ)

ಉತ್ತರ: ನಾಟಕ ಇರುವುದು ನಿಜ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ ಪಪೈರಸ್ ಅದು. 413 ಅದರ ಸಂಖ್ಯೆ, 1903ರಲ್ಲಿ ಪ್ರಕಟವಾಯಿತು. ಖಾರಿತಿಒನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಬಿಡಿಸಲು ಅಣ್ಣ ಬರುತ್ತಾನೆ. ಊರ ರಾಜನಿಗೂ ಅವನ ಜನರಿಗೂ ನೀರು ಬೆರೆಸದ ವೈನ್ ಕುಡಿಸಿ, ಅಮಲೇರಿಸಿ, ತಂಗಿಯನ್ನು ಹಡಗು ಹತ್ತಿಸುತ್ತಾನೆ. ಕ್ರಸಿಯ ಕಥೆ ನೆನಪಿದೆ ಅಲ್ವಾ? ಬೆರೆಸದೆ ಕುಡಿಯುವವ ಕಾಡುಮನುಷ್ಯ ಎನ್ನುವ ಅದೇ ತಮಾಷೆ ಇಲ್ಲಿ ನಮ್ಮ ತಲೆಗೆ ಕಟ್ಟಿದ್ದಾರೆ.

ರಾಜ ಮತ್ತು ಅವನ ಜನ ಗ್ರೀಕ್ ಅಲ್ಲದ ಮಾತಾಡುತ್ತಾರೆ. ಗ್ರೀಕ್ ಪಾತ್ರವೊಂದು ‘ಏನಂತೆ?’ ಎಂದು ಕೇಳುತ್ತದೆ, ಇನ್ನೊಂದು ಅರ್ಥ ಹೇಳುತ್ತದೆ. ಯಕ್ಷಗಾನದ ಹಾಸ್ಯಗಾರರ ಕೆಲಸವೇ. ಅದು ಕನ್ನಡ ಎಂದು 1904ರಲ್ಲಿ ಹುಲ್ಟ್ಶ್ ಎಂಬ ಜರ್ಮನ್ ವಿದ್ವಾಂಸರು ಹೇಳಿದರು. ಶಾಮಶಾಸ್ತ್ರಿಗಳೂ ಮಂಜೇಶ್ವರ ಗೋವಿಂದ ಪೈಗಳೂ ಆ ಕಡೆ ನಿಂತರು. ಇಂಗ್ಲೆಂಡಿನ ವಿದ್ವಾಂಸ ಬಾರ್ನೆಟ್ ಒಪ್ಪಲಿಲ್ಲ. ಆಮೇಲೆ ತುಳು ಎನ್ನುವ ವಾದ ಬಂತು. ಅದರಲ್ಲಿ ತುಳು ನಿಘಂಟಿನ ಯು.ಪಿ. ಉಪಾಧ್ಯಾಯರ ಹೆಸರೂ ಉಂಟು.

ನನಗೆ ಏನನಿಸುತ್ತದೆ ಎಂದರೆ, ಕನ್ನಡದ ಕಡೆಯವರು ಒಂದು ಸಾಲನ್ನು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದು ಓದಿದ್ದುಂಟು. ಕೇಳಲಿಕ್ಕೆ ಖುಷಿ. ಆದರೆ ಪಪೈರಸ್ 2ನೇ ಶತಮಾನದ್ದು. ಹಲ್ಮಿಡಿ ಶಾಸನಕ್ಕಿಂತಲೂ ಎಷ್ಟೋ ಹಿಂದಿನದು. ನಮ್ಮ ಪಾಲು ಹಾಲಾಗಿದ್ದು, ಪೂವು ಹೂವಾಗಿದ್ದು ಅದಾಗಿ ನೂರಾರು ವರ್ಷ ಕಳೆದ ಮೇಲೆ. ಆ ಕಾಲದ ಕುಡುಕ ರಾಜ ಇವತ್ತಿನ ಬ್ರಹ್ಮಾವರದ ಬಾರಿನಲ್ಲಿ ಕೂತವನ ಹಾಗೆ ‘ಹಾಕಿ’ ಎನ್ನುತ್ತಾನೆ ಎಂದರೆ ನನಗೆ ಜೀರ್ಣವಾಗುವುದಿಲ್ಲ. ನಕಲು ಮಾಡಿದವನಿಗೆ ಆ ಭಾಷೆ ಬರುತ್ತಿರಲಿಲ್ಲ. ಬರೀ ಸದ್ದನ್ನು ಗ್ರೀಕ್ ಅಕ್ಷರದಲ್ಲಿ ಹಿಡಿದ ಸಾಲುಗಳು ಅವು, ಪದಗಳ ನಡುವೆ ಜಾಗವೂ ಇಲ್ಲ. ಭಾಷಣಕಾರರು ಮಲ್ಪೆಯ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಲಿ, ನನ್ನ ಅಡ್ಡಿ ಇಲ್ಲ. ಸಾಬೀತಾಗಿದೆ ಎಂದು ಮಾತ್ರ ಹೇಳಬಾರದು.

ಖಚಿತವಾಗಿ ಈ ಕಡೆಯಿಂದ ಹೋದ ಪದ ಬೇಕಾದರೆ ಶುಂಠಿ ಉಂಟು. ಗ್ರೀಕಿನ ‘ಜಿಂಗಿಬೆರಿಸ್’ ಪ್ರಾಕೃತದ ಮೂಲಕ ಹೋದದ್ದು. ಅದರ ಬಾಲದಲ್ಲಿರುವ ‘ಬೆರಿ’ ದ್ರಾವಿಡದ ‘ವೇರ್’, ಅಂದರೆ ನಮ್ಮ ಬೇರು. ಇಂಗ್ಲಿಷಿನ ಜಿಂಜರ್ ಅದೇ ಬೇರಿನ ಚಿಗುರು.

ಪ್ರಶ್ನೆ: ಪ್ರವಾಸಕ್ಕೆ ಹೋಗುತ್ತಿದ್ದೇವೆ. ‘ಯೆಸ್’, ‘ನೋ’ ಎರಡು ಹೇಳಿಕೊಡಿ ಸಾಕು. (ಸುರತ್ಕಲ್)

ಉತ್ತರ: ಯೆಸ್ ಎನ್ನಲು ‘ನೆ’. ಹಿಂದಿ ಬಲ್ಲವರಿಗೆ ‘ನಹೀ’ ಎಂದ ಹಾಗೆ ಕೇಳುತ್ತದೆ, ಜಾಗ್ರತೆ. ನೋ ಎನ್ನಲು ‘ಒಖಿ’. ಇದು ಓಕೆ ಎಂದ ಹಾಗೆ ಕೇಳುತ್ತದೆ, ಇನ್ನೂ ಜಾಗ್ರತೆ. ಎಷ್ಟೋ ಸಲ ಬಾಯಿಯನ್ನೇ ಬಿಡುವುದಿಲ್ಲ. ತಲೆಯನ್ನು ಹಿಂದಕ್ಕೆ ಎತ್ತಿ, ಹುಬ್ಬು ಹಾರಿಸಿ, ‘ತ್ಚ್’ ಎನ್ನುತ್ತಾರೆ. ನಮ್ಮ ಊರಿನ ಬಸ್ ಕಂಡಕ್ಟರಲ್ಲಿ ಚಿಲ್ಲರೆ ಕೇಳಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ತಮಾಷೆಗೆ ಕೇಳುತ್ತೇನೆ. ‘ರೈಸ್ ಗ್ರೂಯೆಲ್’, ಅಂದರೆ ನಮ್ಮ ಗಂಜಿಗೆ ಗ್ರೀಕ್ ಪದ ಉಂಟಾ? (ಗೃಹಿಣಿ, ಕುಂದಾಪುರ)

ಉತ್ತರ: ತಮಾಷೆ ಏನಿಲ್ಲ ಅಮ್ಮ, ಉಂಟು. ಹಳೆಯ ಗ್ರೀಕಿನಲ್ಲಿ ‘ಪ್ತಿಸಾನೇ’. ಅದು ಅಕ್ಕಿಯದ್ದಲ್ಲ, ಬಾರ್ಲಿಯದ್ದು. ಹಿಪೊಕ್ರೆಟಿಸ್ ಹೆಸರಿನಲ್ಲಿರುವ ವೈದ್ಯಗ್ರಂಥಗಳಲ್ಲಿ ಜ್ವರದವರಿಗೆ ಅದನ್ನೇ ಹೇಳಿದ್ದಾರೆ. ಈಗಿನವರಲ್ಲಿ ‘ಲಪಾಸ್’. ಅಕ್ಕಿಯನ್ನು ಜಾಸ್ತಿ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಉಪ್ಪು ಹಾಕಿ, ನಿಂಬೆಹುಳಿ ಹಿಂಡಿ ಕೊಡುತ್ತಾರೆ. ಹೊಟ್ಟೆ ಕೆಟ್ಟರೆ ಮನೆಮನೆಯಲ್ಲೂ ಅದೇ ಮದ್ದು. ಬಿಸ್ಕೇ ಕೊಲ್ಲಿಯಲ್ಲಿ ಹಡಗು ಹೊರಳಾಡಿ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದಾಗ ನಮ್ಮ ಅಡುಗೆಯವ ತಟ್ಟೆ ತುಂಬಾ ಲಪಾಸ್ ತಂದುಕೊಟ್ಟ. ಬೆಳ್ತಿಗೆ ಅಕ್ಕಿಯದ್ದು, ಕುಚ್ಚಲಕ್ಕಿಯ ಪರಿಮಳ ಇಲ್ಲ. ಆದರೂ ಗಂಜಿಯೇ. ನಾನು ಕ್ಯಾಬಿನ್ನಿಂದ ಮಿಡಿ ಉಪ್ಪಿನಕಾಯಿ ಬಾಟಲಿ ತಂದೆ. ಅವನಿಗೂ ಒಂದು ಮಿಡಿ ಕೊಟ್ಟೆ. ಕಚ್ಚಿದವನೇ ‘ನೆರೊ’ ಎಂದು ಕೂಗಿಕೊಂಡು ಗ್ಯಾಲಿ ಕಡೆಗೆ ಓಡಿದ.